ಮೇಷ್ಟ್ರ ಕ್ಲಿಪ್ಪು

"ಏ ಇಂಜಿನಿಯರಮ್ಮಾ, ಕೈಗೇನು ಲಕ್ವ ಹೊಡೆದಿದ್ಯಾ? ಬೇಗ ಹಾಕೇ, ಮುಂಡೇದೆ! ಓದಕ್ ಬಂದಿದೀಯೋ ಒರಗಕ್ ಬಂದಿದೀಯೋ?"

ಸೂಪರ್‌ವೈಸರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ತಗಡು ಅಚ್ಚೊತ್ತುವ ಪ್ರೆಸ್ಸುಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ, ಆದರೆ ಇವನ ಬೈಗುಳ ಮಾತ್ರ ಹೇಗೋ ದಾರಿ ಮಾಡಿಕೊಂಡು ಕಿವಿಗೆ ಬರುತ್ತದೆ. ನಾನು ತಗಡಿನ ತುಂಡನ್ನು ಅಚ್ಚಿನ ಮೇಲಿಟ್ಟು ಕೈ ಹೊರಗೆಳೆದು ಗುಂಡಿ ಒತ್ತಿದೆ. ಮೇಲಿನ ಕಬ್ಬಿಣದ ದಿಮ್ಮಿ ಧಡ್ ಎಂದು ಬಂದು ಕಚ್ಚಿತು. ಕಾರಿನ ಸೀಟಿಗೆ ಹಾಕುವ ಒಂದು ಕೊಂಡಿ ತಯಾರಾಯಿತು. ಅದನ್ನು ಕ್ರೇಟಿಗೆ ಎಸೆದು ಇನ್ನೊಂದು ತುಂಡು ಎತ್ತಿಕೊಂಡೆ.

ಸೇರುವಾಗ ಹೇಳಿದ್ದೇ ಬೇರೆ. ವಾರದಲ್ಲಿ ನಾಲ್ಕು ದಿನ ಕಂಪನಿ, ಎರಡು ದಿನ ಕಾಲೇಜು, ಕೊನೆಗೆ ಕೈಗೆ ಇಂಜಿನಿಯರಿಂಗ್ ಡಿಗ್ರಿ. ಡಿಸೈನು, ಟೂಲ್‌ರೂಮು, ಕ್ವಾಲಿಟಿ, ಎಲ್ಲ ವಿಭಾಗದಲ್ಲೂ ಕಲಿಸುತ್ತೇವೆ ಅಂದಿದ್ದರು. ಕೊನೆಯ ವರ್ಷಕ್ಕೆ ಬಂದರೂ ನಾನು ನೋಡಿದ್ದು ಪ್ರೆಸ್ಸು, ಆಮೇಲೆ ಇನ್ನೊಂದು ಪ್ರೆಸ್ಸು. ಕಾಲೇಜಿನ ದಿನ ಬಂದರೆ ಸೂಪರ್‌ವೈಸರ್‌ಗೆ ಆರ್ಡರು ಜಾಸ್ತಿಯಾಗುತ್ತದೆ. "ಪಾಠ ಎಲ್ಲೂ ಓಡೋಗಲ್ಲ, ಲಾರಿ ಹೊರಟೋಗುತ್ತೆ" ಅನ್ನುತ್ತಾನೆ. ನಮ್ಮ ಬೀದಿಯವರಿಗೆ ಇದೆಲ್ಲ ಏನು ಗೊತ್ತು? ನಾನು ಗ್ರೀಸು ಮೆತ್ತಿದ ಬಟ್ಟೆಯಲ್ಲಿ ಮನೆಗೆ ಬರುವಾಗ "ಇಂಜಿನಿಯರಮ್ಮ ಬಂದ್ಳು, ದಾರಿ ಬಿಡ್ರೋ" ಎಂದು ರೇಗಿಸುತ್ತಾರೆ.

ಈ ಪ್ರೆಸ್ಸಿಗೆ ಎರಡು ಹಸಿರು ಗುಂಡಿಗಳಿವೆ, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ದಿಮ್ಮಿ ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಇಡಲು ಮೂರನೆಯ ಕೈ ಯಾರಿಗಿದೆ? ಇದನ್ನು ಮಾಡಿದವನು ಪುಣ್ಯಾತ್ಮ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ. ಅದಕ್ಕೆ ಸೂಪರ್‌ವೈಸರ್ ಒಂದು ಗುಂಡಿಯನ್ನು ಅದುಮಿ ಮರದ ಚಕ್ಕೆ ಸಿಕ್ಕಿಸಿಬಿಡುತ್ತಿದ್ದ. ಆಗ ಒಂದು ಕೈ ತಗಡಿಗೆ, ಇನ್ನೊಂದು ಕೈ ಉಳಿದ ಗುಂಡಿಗೆ. ಮೆಷಿನ್ನಿನ ನಡುಕಕ್ಕೆ ಚಕ್ಕೆ ಆಗಾಗ ಉದುರಿ ಬೀಳುತ್ತಿತ್ತು, ಆಗ ಅವನು ಬೈಗುಳಕ್ಕೆ ನಮ್ಮ ಅಪ್ಪ ಅಮ್ಮಂದಿರನ್ನೆಲ್ಲ ಎಳೆದು ತರುತ್ತಿದ್ದ.

ನನ್ನ ಜೊತೆಗೇ ಸೇರಿದ ಒಬ್ಬ ಹುಡುಗನಿದ್ದ. ಕ್ಯಾಂಟೀನಿನಲ್ಲಿ ಟೀ ಲೋಟಗಳನ್ನು ಜೋಡಿಸಿ ನಮಗೆಲ್ಲ ಪಾಠ ಹೇಳಿಕೊಡುತ್ತಿದ್ದ, ಹಾಗಾಗಿ ಅವನನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಒಂದು ದಿನ ಊಟದ ಬಿಡುವಿನಲ್ಲಿ ಅವನು ಗುಜರಿಯಿಂದ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಹೆಕ್ಕಿ, ಬಗ್ಗಿಸಿ, ಉಜ್ಜಿ ಒಂದು ಕ್ಲಿಪ್ಪು ಮಾಡಿದ. ಗುಂಡಿಯ ಮೇಲೆ ಟಕ್ ಎಂದು ಕೂತರೆ ಭೂಕಂಪವಾದರೂ ಕದಲದು. ಅಷ್ಟು ವರ್ಷದಲ್ಲಿ ಅವನ ತಲೆಗೆ ಯಾರೂ ಒಂದು ಕೆಲಸ ಕೊಟ್ಟಿರಲಿಲ್ಲ. ಸಿಕ್ಕಿದ್ದು ಇದೊಂದೇ, ಪಾಪ, ಅದನ್ನೇ ಮನಸ್ಸಿಟ್ಟು ಮಾಡಿದ. ದೊಡ್ಡ ಸಾಹೇಬರು ಖುದ್ದಾಗಿ ಬಂದು ಅವನ ಕೈ ಕುಲುಕಿದರು. 'ತಿಂಗಳ ಉತ್ತಮ ಸಲಹೆ' ಎಂದು ಅವನ ಫೋಟೋ ಬೋರ್ಡಿಗೇರಿತು. ವಾರ ಕಳೆಯುವುದರೊಳಗೆ ಎಲ್ಲ ಪ್ರೆಸ್ಸುಗಳ ಮೇಲೂ ಮೇಷ್ಟ್ರ ಕ್ಲಿಪ್ಪು ಕೂತಿತು.

ಎರಡು ಶಿಫ್ಟು ಬಿಡದೆ ದುಡಿಸಿದ ಒಂದು ದಿನ, ಮೇಷ್ಟ್ರ ಎಡಗೈ ಇನ್ನೂ ಅಚ್ಚಿನೊಳಗಿರುವಾಗಲೇ ಬಲಗೈ ಗುಂಡಿ ಒತ್ತಿಬಿಟ್ಟಿತು. ಎರಡು ಬೆರಳು ಹೋದವು. ಮೆಷಿನ್ನು ನಿಲ್ಲಿಸಿದವಳು ನಾನೇ. ಅಚ್ಚಿನಲ್ಲಿ ಉಳಿದ ಅವನ ಕೈಗವಸನ್ನು ಎತ್ತಿಕೊಂಡವಳೂ ನಾನೇ.

ಆಮೇಲೆ ಮೇಷ್ಟ್ರ ಅಮ್ಮನನ್ನು ಕರೆದುಕೊಂಡು ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕೂರಿ ಅಂತಲೂ ಅನ್ನಲಿಲ್ಲ.

"ನೋಡಮ್ಮಾ, ನಿನ್ ಮಗ ನಮ್ ಕಾರ್ಮಿಕ ಅಲ್ಲ, ವಿದ್ಯಾರ್ಥಿ. ಕಾಲೇಜಲ್ಲಿ ಹೋಗಿ ಕೇಳು."

"ಕಾಲೇಜಲ್ಲಿ ಇಲ್ಲಿಗೆ ಕಳ್ಸಿದ್ರು ಸಾರ್," ಅಂದೆ. "ಕಂಪನೀಲಿ ಆಗಿದ್ದು, ಅಲ್ಲೇ ಕೇಳಿ ಅಂದ್ರು. ವಿದ್ಯಾರ್ಥಿ ಆದ್ರೆ ಎರಡೆರಡು ಶಿಫ್ಟು ಯಾಕ್ ಸಾರ್ ಹಾಕಿದ್ರಿ?"

"ಅದು ತರಬೇತಿ ಕಣಮ್ಮ. ಮತ್ತೆ ಆ ಕ್ಲಿಪ್ಪು ಮಾಡಿದ್ದು ಯಾರು? ಅವ್ನೇ ತಾನೇ? ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಂಗಾಯ್ತು."

ದುಡಿಯುವಾಗ ಕಾರ್ಮಿಕರು, ಗಾಯವಾದಾಗ ವಿದ್ಯಾರ್ಥಿಗಳು. ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರ ಅಮ್ಮ ಮಾತ್ರ ಆ ಮನುಷ್ಯನಿಗೆ ಕೈ ಮುಗಿದು ಹೊರಗೆ ಬಂದರು. ಬರುವಾಗ ಬೋರ್ಡು ನೋಡಿದೆ, ಫೋಟೋ ಇರಲಿಲ್ಲ. ಕ್ಲಿಪ್ಪುಗಳನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ಮಾರನೆಯ ದಿನ ನನ್ನನ್ನು ಅವನ ಪ್ರೆಸ್ಸಿಗೇ ಹಾಕಿದರು.

ಕೈಗೆ ಲಕ್ವ ಹೊಡೆದಿದ್ಯಾ ಎಂದು ಬೈದ ಆ ದಿನ, ಶಿಫ್ಟು ಮುಗಿಯುವಾಗ ಸೂಪರ್‌ವೈಸರ್ ಒಂದು ಬಕೆಟ್ಟು ಹಿಡಿದುಕೊಂಡು ಬಂದ.

"ಎಲ್ರೂ ಕೇಳ್ಸ್ಕೊಳ್ರೋ. ನಾಳೆ ನಮ್ ಮಾಲು ತಗೊಳೋ ದೊಡ್ ಕಂಪನಿಯವ್ರು ನೋಡಕ್ ಬರ್ತಾರೆ. ಕ್ಲಿಪ್ಪೆಲ್ಲ ಬಿಚ್ಚಿ ಇದಕ್ಕಾಕಿ. ಅವ್ರು ಹೋದ್ಮೇಲೆ ವಾಪಸ್ ಕೊಡ್ತೀನಿ. ಯಾವನಾದ್ರೂ ಬಾಯ್ಬಿಟ್ರೆ ಹಲ್ಲುದುರಿಸ್ತೀನಿ, ಬೋಳಿಮಕ್ಳಾ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ನಿನ್ ಮೆಷಿನ್ನೇ ತೋರ್ಸೋದು. ಹೆಣ್ಮಗಳು ಅಂದ್ರೆ ಅವ್ರಿಗೆ ಖುಷಿ. ಎರಡು ಕೈ ಗುಂಡಿ ಮೇಲಿಟ್ಟು ನಗ್ತಾ ಮಾಡು. ನಿನ್ ತರಬೇತಿ ಮುಗೀತು ಅಂತ ಸಹಿ ಹಾಕೋನು ನಾನೇ, ಗೊತ್ತಲ್ಲ? ಆ ಸಹಿ ಇಲ್ದೆ ಪರೀಕ್ಷೆಗೆ ಕೂರ್ಸಲ್ಲ. ಎಡವಟ್ಟು ಮಾಡಿದ್ರೆ ಇಷ್ಟ್ ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ."

ಎಲ್ಲರೂ ಸಾಲಾಗಿ ಬಂದು ಬಕೆಟ್ಟಿಗೆ ಹಾಕಿದರು. ನಾನೂ ಕೈಯಾಡಿಸಿ ಹಾಕಿದ ಹಾಗೆ ಮಾಡಿದೆ. ನನ್ನ ಕ್ಲಿಪ್ಪು ಪ್ಯಾಂಟಿನ ಜೇಬಿನಲ್ಲೇ ಉಳಿಯಿತು.

ದಾರಿಯಲ್ಲಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ನನ್ ಕ್ಲಿಪ್ಪು ಇನ್ನೂ ಇದ್ಯೇನೇ?"

"ಹೂಂ ಕಣೋ."

"ಒಂದೂ ಮುರಿದಿಲ್ವಾ?"

"ಎಲ್ ಮುರಿಯುತ್ತೆ? ಅಷ್ಟ್ ಗಟ್ಟಿಯಾಗ್ ಮಾಡಿದೀಯಲ್ಲೋ, ಹಾಳಾದೋನೆ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು, ಫೋನು ಇಟ್ಟುಬಿಟ್ಟ.

ಮನೆಯಲ್ಲಿ ಅಮ್ಮ ಗೋಡೌನಿನಿಂದ ತಂದ ಗೋಣಿಚೀಲಗಳ ನಡುವೆ ದಬ್ಬಳ ಹಿಡಿದು ಕೂತಿದ್ದಳು. ನಾಳೆಯ ವಿಷಯ ಹೇಳಿದೆ.

"ಹಲ್ಕಚ್ಕೊಂಡು ಇದ್ಬಿಡೇ ನನ್ನಮ್ಮಾ," ಅಂದಳು. "ಕೈಗ್ ಬಂದಿದ್ ತುತ್ತು ಬಾಯಿಗ್ ಬರೋ ಹೊತ್ತು. ನನ್ ಥರ ನೀನೂ ಚೀಲ ಹೊಲೀಬೇಕಾ?"

ನಾನು ಕೈಯ ಗ್ರೀಸು ತೊಳೆದುಕೊಂಡು ಬಂದೆ. ಅವಳೇ ಕೇಳಿದಳು, "ಆ ಹುಡುಗ ಹೆಂಗಿದಾನೆ?"

"ಅಂಗಿ ಗುಂಡಿ ಹಾಕ್ಕೊಳಕ್ಕೆ ಒದ್ದಾಡ್ತಾನೆ. ಅವ್ರಮ್ಮ ಹಾಕ್ತಾರೆ."

ಅಮ್ಮ ಹುರಿಯನ್ನು ಹಲ್ಲಿನಿಂದ ಕಡಿದಳು. ಮತ್ತೆ ಸುಮ್ಮನಿರು ಎಂದು ಹೇಳಲಿಲ್ಲ.

ಮರುದಿನ ನೆಲದ ಮೇಲೆ ಹೊಸ ಹಳದಿ ಗೆರೆ ಬಳಿದಿದ್ದರು. ಹೊಸ ಹೆಲ್ಮೆಟ್ಟಿನ ಅತಿಥಿಗಳನ್ನು ದೊಡ್ಡ ಸಾಹೇಬರು ನನ್ನ ಪ್ರೆಸ್ಸಿನ ಹತ್ತಿರ ಕರೆತಂದರು.

"ಇವ್ಳು ನನ್ ಮಗಳಿದ್ದಂಗೆ," ಅಂದರು. "ಇಲ್ಲಿ ಓದೂ ಆಗುತ್ತೆ, ಕೆಲಸವೂ ಕಲೀತಾರೆ. ತೋರ್ಸಮ್ಮ."

ತಗಡಿಟ್ಟೆ. ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿದೆ. ದಿಮ್ಮಿ ಇಳಿದು ಏರಿತು. ಅತಿಥಿಗಳು ತಲೆದೂಗಿದರು. ಅವರಲ್ಲಿ ವಯಸ್ಸಾದವರೊಬ್ಬರು ಕೊಂಡಿಯನ್ನು ತಿರುಗಿಸಿ ನೋಡಿ ಕೇಳಿದರು, "ದಿನಾ ಹೀಗೇ ಮಾಡ್ತೀಯೇನಮ್ಮಾ?"

ಸೂಪರ್‌ವೈಸರ್ ಕೆಮ್ಮಿದ. ಅವನ ಅಂಗಿಯ ಜೇಬಿನಲ್ಲಿ ಪೆನ್ನು ಕಾಣಿಸುತ್ತಿತ್ತು. ಅಮ್ಮನ ದಬ್ಬಳ ನೆನಪಾಯಿತು. ಹೂಂ ಸಾರ್ ಅಂದರೆ ಮುಗಿಯುತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಸಾರ್. ದಿನಾ ಮಾಡೋದು ಹಿಂಗೆ."

ಜೇಬಿನಿಂದ ಕ್ಲಿಪ್ಪು ತೆಗೆದು ಗುಂಡಿಯ ಮೇಲೆ ಟಕ್ ಎಂದು ಕೂರಿಸಿದೆ. ಎಡಗೈಯಲ್ಲಿ ತಗಡಿಡುತ್ತಾ, ಬಲಗೈಯಲ್ಲಿ ಗುಂಡಿ ಒತ್ತುತ್ತಾ ದಿನದ ವೇಗದಲ್ಲೇ ಶುರುಮಾಡಿದೆ. ಧಡ್. ಧಡ್. ಧಡ್. ಅತಿಥಿಯ ಕೈಯಲ್ಲಿದ್ದ ಕೊಂಡಿ ಕೆಳಗೆ ಬಿತ್ತು.

"ಏಯ್! ನಿಲ್ಸೇ, ಸೂಳೆಮಗಳೇ!" ಸೂಪರ್‌ವೈಸರ್ ಅತಿಥಿಗಳನ್ನೂ ಮರೆತು ಕಿರುಚಿದ. ನನ್ನ ಸಹಿ ಹೋಯಿತೆಂದು ಅಲ್ಲಿಗೆ ಖಾತ್ರಿಯಾಯಿತು. ಗುಂಡಿಯಿಂದ ಕೈ ತೆಗೆದೆ.

"ಇದರ ಹೆಸರು ಮೇಷ್ಟ್ರ ಕ್ಲಿಪ್ಪು ಸಾರ್," ಎಂದೆ ಅತಿಥಿಗೆ. "ಮಾಡಿದೋನ ಎರಡು ಬೆರಳು ಇಲ್ಲೇ ಹೋಯ್ತು. ಫೋಟೋ ಹಾಕಿದ್ರು, ಆಮೇಲೆ ಕಿತ್ತಾಕಿದ್ರು. ಕ್ಲಿಪ್ಪೆಲ್ಲ ಒಂದ್ ಬಕೆಟ್ಟಲ್ಲಿದೆ, ಕೇಳಿ, ತೋರಿಸ್ತಾರೆ."

ಪಕ್ಕದ ಪ್ರೆಸ್ಸು ನಿಂತಿತು. ಅದರಾಚೆಯದೂ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಶೆಡ್ಡಿನಲ್ಲಿ ನನ್ನ ದನಿ ನನಗೇ ಕೇಳಿಸಿತು.

ನಾನು ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಸರಿದು ನಿಂತೆ.

"ಬನ್ನಿ ಸಾರ್," ಎಂದೆ, ದೊಡ್ಡ ಸಾಹೇಬರ ಮುಖವನ್ನೇ ನೋಡುತ್ತಾ. "ಮಗಳಿದ್ದಂಗೆ ಅಂದ್ರಲ್ಲ. ನೀವೂ ಒಂದ್ ಪೀಸು ಹಾಕಿ. ಭಯ ಬೇಡ, ತರಬೇತಿ ಅಷ್ಟೇ."

ಕ್ಲಿಪ್ಪು ಗುಂಡಿಯ ಮೇಲೆಯೇ ಇತ್ತು. ದೊಡ್ಡ ಸಾಹೇಬರ ಎರಡೂ ಕೈಗಳು ಪ್ಯಾಂಟಿನ ಜೇಬು ಸೇರಿಕೊಂಡಿದ್ದವು.