ಮೂರು ಊರಿನ ನೀರು

ಚೆನ್ನಬಸಮ್ಮ ಬಚ್ಚಲ ಒಲೆಯಿಂದ ತಾಮ್ರದ ಹಂಡೆ ಇಳಿಸಿ, ಅಂಗಳದಲ್ಲಿ ಮಗ್ಗುಲಾಗಿ ಮಲಗಿಸಿ, ಹುಣಸೆಹಣ್ಣಿನ ಮುದ್ದೆ ಹಿಡಿದು ಒಳಗೆ ಕೈಹಾಕಿದ್ದಳು. ತಳದಲ್ಲಿ ಸುಣ್ಣದ ಹಕ್ಕಳೆ ಬೆರಳುದಪ್ಪ ಕಟ್ಟಿ, ನೀರು ಕಾಯಲು ದುಪ್ಪಟ್ಟು ಕಟ್ಟಿಗೆ ಬೇಕಾಗುತ್ತಿತ್ತು. ಹುಣಸೆಗೆ ಬಗ್ಗದ ಕಡೆ ಹಳೆಯ ಚಮಚದಿಂದ ಮೀಟಿದಾಗ ಅಂಗೈಯಗಲದ ಚೂರೊಂದು ಎದ್ದು ಬಂತು. ಅದನ್ನು ತಿಪ್ಪೆಗೆ ಎಸೆಯಬೇಕು, ಅಷ್ಟರಲ್ಲಿ ಮುಂದಿನ ಕೋಣೆಯ ಬಾಡಿಗೆದಾರ ಮರುಳಸಿದ್ದಪ್ಪ ಹಲ್ಲುಜ್ಜುತ್ತಿದ್ದವನು ಓಡಿಬಂದ.

"ಅಕ್ಕಾರ, ಒಗೀಬ್ಯಾಡ್ರಿ. ಇಲ್ಲಿ ಕೊಡ್ರಿ."

"ಗುಡ್ಡದ ಕಲ್ಲೆಲ್ಲಾ ಮುಗದ್ವೇನು, ನನ್ನ ಹಂಡೀಗೆ ಬಂದ್ರಿ?"

ಧಾರವಾಡದಲ್ಲಿ ಭೂವಿಜ್ಞಾನ ಓದಿದ ಹುಡುಗ. ಯಶವಂತನಗರಕ್ಕೆ ಬಂದು ಮೂರು ತಿಂಗಳು, ದಿನಾ ಗುಡ್ಡ ಹತ್ತಿ ಚೀಲ ತುಂಬ ಕಲ್ಲು ತರುತ್ತಿದ್ದ. ನೆಲದಾಳದ ಕಾದ ಗ್ರಾನೈಟ್ ಬಂದು ಸುಣ್ಣಕಲ್ಲಿಗೆ ತಾಗಿದಲ್ಲಿ ಬಿಸಿನೀರು ಹರಿದು ಬೇರೆಯೇ ಒಂದು ಕಲ್ಲು ಹುಟ್ಟುತ್ತದಂತೆ, ಅದರ ಹೆಸರು ಸ್ಕಾರ್ನ್. ಕೆಲವು ಕಡೆ ಅದರೊಳಗೆ ತಾಮ್ರ ಕೂತಿರುತ್ತದೆ. ಅದನ್ನು ತಂದ ನೀರು ಯಾವುದು ಎಂಬುದೇ ಅವನ ಹುಡುಕಾಟ. ಆ ನೀರು ಬತ್ತಿ ಎಷ್ಟೋ ಕೋಟಿ ವರ್ಷ. ಉಳಿದ ಸಾಕ್ಷಿ ಟೂರ್ಮಲಿನ್ ಎಂಬ ಎಳ್ಳುಕಾಳಿನಷ್ಟು ಹರಳು. ಅವನಿಗೆ ರೊಟ್ಟಿ ಬಡಿಸುತ್ತ ಚೆನ್ನಬಸಮ್ಮ ಇಷ್ಟು ತಿಳಿದುಕೊಂಡಿದ್ದಳು. ಮಾತಾಡದ ಕಲ್ಲನ್ನು ಕೇಳಿ, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯುವ ಅವನ ತಾಳ್ಮೆ ಅವಳಿಗೆ ದೊಡ್ಡದಾಗಿ ಕಾಣುತ್ತಿತ್ತು.

ಅವನು ಹಕ್ಕಳೆ ಮುರಿದು ಅಂಚು ತೋರಿಸಿದ. ಮೂರು ಪದರು. ತಾಮ್ರಕ್ಕೆ ಅಂಟಿದ್ದದ್ದು ತೆಳು, ಬೂದಿಬಣ್ಣ. ನಡುವಿನದು ದಪ್ಪ, ಅಚ್ಚ ಬಿಳಿ. ಕೊನೆಯದರಲ್ಲಿ ಕೆಂಪು ಕಣಗಳು.

"ಇದು ಕಂಪ್ಲಿ," ಚೆನ್ನಬಸಮ್ಮ ತಾನಾಗಿಯೇ ಬೆರಳಿಟ್ಟಳು. ಹಂಡೆ ತವರಿನವರು ಕೊಟ್ಟದ್ದು. "ಕಾಲುವಿ ಮಗ್ಗುಲ ಬಾವಿ, ಸಿಹಿನೀರು. ನಡುವಿಂದು ಮರಿಯಮ್ಮನಹಳ್ಳಿ ಬೋರು. ಆ ನೀರಿಗೆ ಬ್ಯಾಳಿ ಸೈತ ಬೇಯ್ತಿದ್ದಿಲ್ಲ. ಮ್ಯಾಲಿಂದು ಈ ಊರು. ಅದಿರಿನ ಲಾರಿ ಧೂಳೆಲ್ಲಾ ತೊಟ್ಟ್ಯಾಗ ಬೀಳ್ತೈತಲ್ರಿ."

ಗಂಡ ಹುಲುಗಪ್ಪ ಲಾರಿ ಡ್ರೈವರು. ಅವನ ಕೆಲಸದ ಹಿಂದೆ ಮೂರು ಊರು ತಿರುಗಿದ ಹತ್ತು ವರ್ಷದ ಸಂಸಾರ ಆ ಚೂರಿನಲ್ಲಿತ್ತು. ಅವಳಿಗೆ ಹಂಡೆ ತಿಕ್ಕುವುದೇ ಮರೆತುಹೋಯಿತು.

"ಟೂರ್ಮಲಿನ್ನೂ ಹಿಂಗ ಅಕ್ಕಾರ. ಬಂದ ನೀರಿನ್ಯಾಗ ಏನಿತ್ತೋ ಅದನ್ನ ಕೈಬಳಿ ಹಂಗ ಬಳಿ ಬಳಿಯಾಗಿ ತನ್ನ ಸುತ್ತ ಕಟ್ಟಿಕೊಂತೈತಿ. ಕಬ್ಬಿಣ ಜಾಸ್ತಿ ಇದ್ರ ಒಂದು ಬಣ್ಣ, ಮೆಗ್ನೀಸಿಯಂ ಜಾಸ್ತಿ ಇದ್ರ ಇನ್ನೊಂದು. ಕಟ್ಟಿಕೊಂಡದ್ದನ್ನ ಸುಲಭಕ್ಕ ಬಿಡಂಗಿಲ್ಲ."

ಚೆನ್ನಬಸಮ್ಮನ ಬೆನ್ನಿಗೆ ಅಂಟಿ ನಿಂತು ಮಗಳು ಜಂಬವ್ವ ಎಲ್ಲ ಕೇಳುತ್ತಿದ್ದಳು. ಎಂಟು ವರ್ಷ. ಹೋದ ವರ್ಷ ಕ್ಲಾಸಿನಲ್ಲಿ ಏನೋ ಕೇಳಿ ಎಲ್ಲರೂ ನಕ್ಕ ಮೇಲೆ ಅವಳು ಬಾಯಿಬಿಟ್ಟು ಯಾರನ್ನೂ ಏನೂ ಕೇಳಿದವಳಲ್ಲ. ಕೇಳುವುದಿದ್ದರೆ ಅವ್ವನ ಕಿವಿಗೆ ಪಿಸುಗುಟ್ಟುವಳು. ಅವ್ವ ಅದನ್ನು ಕೇಳಬೇಕಾದವರಿಗೆ ಮುಟ್ಟಿಸುವಳು. ಅದೊಂದು ಭಾರವೆಂದು ಚೆನ್ನಬಸಮ್ಮನಿಗೆ ಅನ್ನಿಸಿರಲಿಲ್ಲ. ಆದರೆ ಜೂನ್ ಬಂದರೆ ಹುಡುಗಿ ಸಂಡೂರಿನ ಶಾಲೆಗೆ. ಅಲ್ಲಿ ಬೆಂಚಿನ ಪಕ್ಕ ಅವ್ವ ಇರುವುದಿಲ್ಲ.

ಮರುಳಸಿದ್ದಪ್ಪ ಅವತ್ತು ಒಂಬತ್ತರ ಬಸ್ಸಿಗೆ ಊರಿಗೆ ಹೊರಡುವವನು. ವರದಿ ಬರೆದು ಲಕೋಟೆಗೆ ಹಾಕಿದ್ದ. ಆದರೂ ಕಟ್ಟಿದ ಪೆಟ್ಟಿಗೆ ಬಿಚ್ಚಿ ಮೈಕ್ರೋಸ್ಕೋಪು ತೆಗೆದು, ಕಟ್ಟೆಯ ಮೇಲಿಟ್ಟು, ಟೂರ್ಮಲಿನ್ ಹರಳಿದ್ದ ಕಲ್ಲನ್ನು ತೆಳ್ಳಗೆ ಸೀಳಿ ಗಾಜಿಗೆ ಅಂಟಿಸಿದ್ದ ಸ್ಲೈಡನ್ನು ಅದರಡಿ ಇಟ್ಟು, ಜಂಬವ್ವನನ್ನು ಕರೆದ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದವಳು ಏಳಲೇ ಇಲ್ಲ.

"ಒಳಗ ನೀಲಿ ಕಾಣ್ತೈತಲ್ಲ, ಅದು ಮೊದಲು ಬೆಳದದ್ದು. ಗ್ರಾನೈಟಿಂದ ನೆಟ್ಟಗ ಬಂದ ನೀರಿಂದು. ಸುತ್ತ ಜೇನಿನ ಬಣ್ಣದ್ದು ಆಮ್ಯಾಲಿಂದು, ಸುಣ್ಣಕಲ್ಲಿನ್ಯಾಗ ಅಡ್ಡಾಡಿ ಬಂದ ನೀರು. ತಾಮ್ರ ತಂದದ್ದು ಮೊದಲಿನ ನೀರು. ವರದ್ಯಾಗ ಹಂಗ ಬರದೀನಿ."

ಹುಡುಗಿ ಅವ್ವನ ಕಿವಿಗೆ ಬಂದಳು. "ನಡುನಡುವೆ ಕರಿ ಚುಕ್ಕಿ ಏನಂತ ಕೇಳ್ತಾಳ್ರಿ," ಎಂದಳು ಚೆನ್ನಬಸಮ್ಮ.

"ಅದ ತಾಮ್ರದ ಅದಿರು. ಬೆಳಕು ದಾಟಗೊಡಂಗಿಲ್ಲ, ಅದಕ್ಕ ಕರ್ರಗ ಕಾಣ್ತೈತಿ. ಈ ಸ್ಲೈಡು ಬಂದದ್ದ ನಿನ್ನೆ. ನಾನೂ ಸರಿಯಾಗಿ ನೋಡಿಲ್ಲ," ಎನ್ನುತ್ತ ಅವನು ಲಕೋಟೆಯನ್ನು ಪುಸ್ತಕಗಳ ಜೊತೆ ಸುತ್ತಿ ದಾರ ಕಟ್ಟತೊಡಗಿದ.

ಜಂಬವ್ವ ಹಕ್ಕಳೆಯ ಚೂರು ನೋಡಿದಳು. ಮತ್ತೆ ಹರಳು. ಮತ್ತೆ ಚೂರು. ಆಮೇಲೆ ಅವ್ವನ ಕೊರಳು ಬಗ್ಗಿಸಿ ಕಿವಿಗೆ ಉಸುರಿದಳು.

ಚೆನ್ನಬಸಮ್ಮ ಕೇಳಿ, ಸೆರಗಿಗೆ ಕೈ ಒರೆಸಿಕೊಂಡಳು. ಮಗಳ ಮುಖ ನೋಡಿದಳು. ಹೇಳಿಬಿಡಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು.

"ಈ ಮಾತನ್ನ ನಾ ಒಯ್ಯಂಗಿಲ್ಲ, ನನ್ನವ್ವ. ಇದು ನಿಂದು. ನೀನ ಕೇಳು."

ಹುಡುಗಿಯ ತುಟಿಗಳು ಅಲುಗಿ ನಿಂತವು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮರುಳಸಿದ್ದಪ್ಪ ದಾರ ಬಿಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಕಲ್ಲುಗಳ ಮುಂದೆ ಕೂರುವ ಹಾಗೆಯೇ ಕಾದ.

"ಮಾಮಾ," ಎಂದಳು ಜಂಬವ್ವ. ದನಿ ಸಣ್ಣದು, ಆದರೆ ಅಂಗಳದ ತುಂಬ ಕೇಳಿಸಿತು. "ನಮ್ಮ ಹಂಡ್ಯಾಗ ಕೆಂಪು ಧೂಳು ಈ ಊರಿನ ಪದರಿನ್ಯಾಗ ಅಷ್ಟ ಐತಿ, ಕಂಪ್ಲಿ ಪದರಿನ್ಯಾಗ ಇಲ್ಲ. ನಿಮ್ಮ ಕರಿ ಚುಕ್ಕಿನೂ ಜೇನಿನ ಬಳ್ಯಾಗ ಅಷ್ಟ ಅದಾವ, ನೀಲ್ಯಾಗ ಒಂದೂ ಇಲ್ಲ. ಹಂಗಾದ್ರ ತಾಮ್ರ ತಂದದ್ದು ಆಮ್ಯಾಲ ಬಂದ ನೀರು ಅಲ್ಲೇನು?"