ಆರನೆಯ ಪ್ಲೇಟು

ಒಂದೂರಿಗೆ ಒಬ್ಬ ದೊರೆಯಿದ್ದನಂತೆ. ಊರ ಹೇಲು ಹೊರುವವರಿಗೂ ತಲೆಯ ಮೇಲೊಂದು ಸೂರಿರಲಿ ಎಂದು ಹತ್ತು ಮನೆ ಕಟ್ಟಿಸಿಕೊಟ್ಟನಂತೆ. ಹುನಗುಂದದ ದಾರಿಗಿದ್ದ ಆ ಹತ್ತು ಮನೆಯವರು ದೊರೆಯನ್ನು ಕಂಡವರಲ್ಲ. ಕಂಡದ್ದು ನಿಂತು ಕಟ್ಟಿಸಿದ ಓವರ್‌ಸಿಯರ್ ಪಂಢರೀನಾಥನನ್ನು.

"ಅಳೂ ಮಾರಿ ಮಾಡಬ್ಯಾಡ್ರಲೇ ಸೂಳಿಮಕ್ಕಳ್ರ್ಯಾ! ಮುಂಬಯಿಗೆ ದೊರಿ ಕಡೆ ಹೋಗೂ ಫೋಟೋ ಅದ. ಸುಖದಾಗ ಇದ್ದವರಂಗ ನಿಂದರ್ರಿ."

ಸುಣ್ಣ ಕಂಡದ್ದು ಮೊದಲ ಮನೆಯ ಮುಂಗೋಡೆ ಒಂದೇ. ಹತ್ತರಲ್ಲಿ ಆರಿಸಿದ ಐದು ಸಂಸಾರ ಅದರೆದುರು ಒಂದೊಂದಾಗಿ ನಿಲ್ಲಬೇಕು. ಹೆಂಗಸರಿಗೆ ಉಡಲು ಇಳಕಲ್ಲಿನ ಸೀರೆಯೂ ಒಂದೇ. ಒಬ್ಬಳು ಬಿಚ್ಚಿಕೊಟ್ಟರೆ ಇನ್ನೊಬ್ಬಳು ಉಡಬೇಕು. ಆ ಸೀರೆಯನ್ನು ಪಂಢರೀನಾಥ ಕೊಡೆಯ ತುದಿಯಿಂದ ಎತ್ತಿ ಎಸೆದಿದ್ದ.

ಚಂದವ್ವ ಐದನೆಯವಳು. ಗಂಡ ದುರ್ಗಪ್ಪನ ಪಕ್ಕ ನಿಂತು ತೆಗೆಸಿಕೊಂಡವಳು ಸೀರೆ ಬಿಚ್ಚಲಿಲ್ಲ.

"ಸಾಬರ, ನಮ್ಮತ್ತಿದೊಂದ ತೆಗೀರಿ."

ಅತ್ತೆ ಸಕ್ರವ್ವ ಕೊನೆಯ ಮನೆಯಲ್ಲಿ ಬಿದ್ದುಕೊಂಡಿದ್ದಳು. ಹೋದ ಮಳೆಗಾಲ ಹಿಂಗೋಡೆ ಅವಳ ಬೆನ್ನ ಮೇಲೆ ಕುಸಿದಿತ್ತು. ಕಟ್ಟಿ ಎರಡು ವರ್ಷವೂ ಆಗಿರದ ಗೋಡೆ. ಬಿದ್ದ ಬಾಯಿಗೆ ತಟ್ಟು ಕಟ್ಟಿ ಮುಚ್ಚಿದ್ದರು. "ಆ ಗ್ವಾಡಿ, ನನ್ನ ಬೆನ್ನು, ಎರಡೂ ಫೋಟೋದಾಗ ಬರಬೇಕಬೇ," ಎಂದಿದ್ದಳು ಮುದುಕಿ. ತರಿಸುತ್ತೇನೆಂದು ಸೊಸೆ ಮಾತು ಕೊಟ್ಟಿದ್ದಳು.

ಫೋಟೋದ ಮುರ್ತುಜಸಾಬ ಕರಿಬಟ್ಟೆಯೊಳಗಿಂದ ತಲೆ ತೆಗೆದ. "ಫೋಟೋಕ್ಕೊಂದರಂಗ ಆರ ಗಾಜಿನ ಪ್ಲೇಟ ತಂದಿದ್ದೆ ತಂಗಿ. ಉಳಿದದ್ದೊಂದು. ಅದು ರಾಯರದು."

ಪಂಢರೀನಾಥ ಆಗಲೇ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. "ಆ ಹೆಣದ ಫೋಟೋ ಯಾಕ? ಆಕಿನ್ನ ಹೊರಗ ತಂದ್ರ ನಿಮ್ಮನ್ನೂ ಹೊರಗ ಹಾಕ್ತೇನಿ."

"ತರಾಕ ಬರಂಗಿಲ್ರಿ. ಎತ್ತಿದ್ರ ಜೀವಾ ಹೋಗತೈತಿ. ಒಳಗ ಬಂದ ತೆಗೀರಿ."

"ಒಳಗ ಕತ್ತಲ ಐತಿ. ಬೆಳಕ ಇರಲಿಲ್ಲಂದ್ರ ಚಿತ್ರ ಮೂಡೂದಿಲ್ಲ," ಎಂದ ಸಾಬ.

"ಕೇಳಿದಿಲ್ಲೊ?" ಓವರ್‌ಸಿಯರ್ ನಕ್ಕ.

ಚಂದವ್ವ ಮಂದಿಯ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಕೊನೆಯ ಮನೆಗೆ ನಡೆದಳು. ಎಲ್ಲರೂ ಹಿಂದೆಯೇ ಬರುವಷ್ಟರಲ್ಲಿ ಸರಸರನೆ ಗೋಡೆ ಏರಿದ್ದಳು.

"ಹಾರಿ ಕೊಡು."

"ಏ ಹುಚ್ಚಿ, ಇದ್ದದ್ದೊಂದ ಸೂರು!" ದುರ್ಗಪ್ಪ ಹಾರೆಕೋಲು ಹಿಡಿದೇ ನಿಂತ.

"ಗ್ವಾಡಿನ ಇಲ್ಲದ್ದಕ್ಕ ಸೂರೇನ ಮಾಡ್ತೀ? ಕೊಡಂದ್ರ ಕೊಡು."

ಕೊಟ್ಟ. ಸೂರಿನ ಮೊದಲ ತಗಡು ಕಿರ್ರೆಂದು ಎದ್ದಿತು. ಎರಡನೆಯದು ಧಡ್ಡೆಂದು ಪಂಢರೀನಾಥನ ಕಾಲಬಳಿ ಬಿತ್ತು.

"ಸರಕಾರಿ ತಗಡಲೇ ಅದು! ಜೇಲಿಗೆ ಹಾಕಸ್ತೇನಿ, ಹಾದರಗಿತ್ತಿ!"

"ಹಾಕಸ್ರಿ. ಜೇಲಿನ ಗ್ವಾಡಿ ಬೀಳಂಗಿಲ್ಲಂತ."

ಮೂರನೆಯ ತಗಡೂ ಹೋಯಿತು. ಮುರ್ತುಜಸಾಬ ಮೇಲೆ ನೋಡಿದ, ಓವರ್‌ಸಿಯರನನ್ನು ನೋಡಿದ. "ಬೆಳಕಾತು," ಎಂದು ತನ್ನಷ್ಟಕ್ಕೇ ಅಂದುಕೊಂಡು ಮೂರು ಕಾಲಿನ ಕ್ಯಾಮೆರಾ ಹೆಗಲಿಗೇರಿಸಿ ಒಳಗೆ ನಡೆದ.

"ಮುರ್ತುಜಾ! ಈ ಊರಾಗ ನಿನ್ನ ಅಂಗಡಿ ಇರೂದಿಲ್ಲ ನೋಡು!"

ಪಂಢರೀನಾಥ ಓಡಿಬಂದವನು ಹೊಸ್ತಿಲ ಬಳಿ ಗಕ್ಕನೆ ನಿಂತ. ಹೇಲು ಹೊರುವವರ ಹೊಸ್ತಿಲು ದಾಟಿ ತನ್ನ ಮನೆಗೆ ಹೋಗಿ ಏನು ಹೇಳಿಯಾನು? ಎತ್ತಿದ ಕಾಲು ಎತ್ತಿದಂತೆಯೇ ಇತ್ತು.

"ಬರ್ರಿ ರಾಯರ, ಒಳಗ ಬಂದ ಹಿಡೀರಿ," ಗೋಡೆಯ ಮೇಲಿಂದ ಚಂದವ್ವ ಕರೆದಳು. "ನೀವ ಕಟ್ಟಿಸಿದ ಮನಿ!"

ಒಳಗೆ ಗೋಣಿತಟ್ಟಿನ ಮೇಲೆ ಸಕ್ರವ್ವ. ಹಿಂದೆ ಗೋಡೆಯಾಗಿದ್ದ ಮಣ್ಣಗುಡ್ಡೆ. ಬಹಳ ದಿನದ ಮೇಲೆ ಬಿದ್ದ ಬಿಸಿಲಿಗೆ ಮುದುಕಿ ಕಣ್ಣು ಕಿರಿದು ಮಾಡಿದಳು. ಸಾಬ ರೂಢಿಯಂತೆ ಅಂದ:

"ಅಲ್ಲಾಡಬ್ಯಾಡಬೇ ಯವ್ವಾ."

"ಅಲ್ಲಾಡಾಕ ಬಂದಿದ್ರ ನಾನ ಮುಂಬಯಿಗೆ ಹೋಗತಿದ್ನೆಲೊ, ಭಾಡ್ಯಾ!"

ಅವನು ಕ್ಯಾಮೆರಾದ ಮೂತಿಯ ಮುಚ್ಚಳ ತೆಗೆದ. ಒಂದು, ಎರಡು, ಮೂರು ಎಣಿಸಿದ. ಮುಚ್ಚಿದ.

"ಬಂದಿ ನೋಡಬೇ ಯವ್ವಾ. ಗ್ವಾಡಿನೂ ಬಂತು."