ತೇವ ಹಿಡಿದ ಮೂಟೆ

ಹುರಿದ ಓಟ್ಸ್ ಹಿಟ್ಟಿನ ಘಮ ಎಂದರೆ ಹಿಲ್ಡುರಳಿಗೆ ಅಜ್ಜಿಯ ಮನೆ. ಚಳಿಗಾಲದ ಬೆಳಗ್ಗೆ ಕಂಬಳಿಯೊಳಗೆ ಮುದುಡಿ ಮಲಗಿದ್ದರೆ ಮೊದಲು ಆ ಘಮ ಬರುತ್ತಿತ್ತು, ಆಮೇಲೆ ಅಜ್ಜಿಯ ಕೂಗು. ತ್ರೀಸಿಲ್ ಕಾಡಿನಲ್ಲಿ ಮರ ಕಡಿಯುವವರ ಬಿಡಾರಕ್ಕೆ ಅಡುಗೆಯವಳಾಗಿ ಬಂದ ಮೇಲೆ ಅವಳು ಅದನ್ನು ಮರೆತೇಬಿಟ್ಟಿದ್ದಳು.

ಊರಿಂದ ಸಾಮಾನು ತಂದ ಜಾರುಬಂಡಿ ಹೊಳೆ ದಾಟುವಾಗ ಹಿಟ್ಟಿನ ಮೂಟೆಗೆ ನೀರು ತಾಗಿತ್ತು. ಅಂದಿನಿಂದ ಮೂರು ದಿನವೂ ಗಂಜಿ ಅಂಟಂಟಾಗಿ, ಸಪ್ಪಗೆ ಆಯಿತು.

"ಏನಮ್ಮಾ, ಇದು ಗಂಜಿನೋ, ಗೋಡೆ ಸಂದಿಗೆ ಮೆತ್ತೋ ಗಾರೆನೋ?" ಎಂದ ಮೇಸ್ತ್ರಿ ಗುಲ್ಬ್ರಾಂಡ್.

"ಗಾರೆ ಆಗಿದ್ರೆ ಗಾಳಿನಾದ್ರೂ ತಡೀತಿತ್ತು ಬಿಡಣ್ಣ," ಎಂದು ಪಕ್ಕದವನೊಬ್ಬ ಸೇರಿಸಿದ.

ಮುದುಕ ಎಂಬ್ರೆತ್ ಮಾತ್ರ ಬಟ್ಟಲು ಖಾಲಿ ಮಾಡಿದ. ದಿನವೂ ಒಲೆಯ ಪಕ್ಕ ಒಣ ಸೌದೆ ತಂದಿಡುತ್ತಿದ್ದವನೂ ಅವನೇ.

"ಇದನ್ನ ತಿಂದು ಕೊಡಲಿ ಎತ್ತೋಕಾಗಲ್ಲ," ಎಂದ ಗುಲ್ಬ್ರಾಂಡ್. "ನಾಳೆನೂ ಹಿಂಗೇ ಆದ್ರೆ ಬಂಡಿ ಊರಿಗೆ ಹೋಗುವಾಗ ನೀನೂ ಹತ್ಕೋ."

ಹತ್ತೊಂಬತ್ತರ ಹುಡುಗಿ ಹನ್ನೆರಡು ಗಂಡಸರಿಗೆ ಬೇಯಿಸಿ ಹಾಕ್ತಾಳಂತೆ ಎಂದು ನಕ್ಕಿದ್ದ ಊರು ಅದು. ಯಾವ ಮುಖ ಇಟ್ಟುಕೊಂಡು ಹೋಗುವುದು?

ಮರುದಿನ ಎಲ್ಲರಿಗಿಂತ ಮೊದಲೆದ್ದು ಒಲೆ ಹೊತ್ತಿಸಿದಳು. ಮೂಟೆ ಬಿಚ್ಚುವಾಗ ಕೈಯಿಂದ ಚಿಟಿಕೆ ಹಿಟ್ಟು ಕಾದ ಒಲೆಯ ಮೇಲೆ ಉದುರಿತು. ಘಮ್ಮೆಂದಿತು. ಹಿಲ್ಡುರ್ ನಿಂತಲ್ಲೇ ನಿಂತಳು.

"ಮೊದ್ಲು ಬೆಂಕಿ ತೋರ್ಸು ಮಗಾ, ನೀರು ಆಮೇಲೆ," ಎನ್ನುತ್ತಿದ್ದಳು ಅಜ್ಜಿ.

ಹಂದಿಮಾಂಸ ಹುರಿಯುವ ದೊಡ್ಡ ಬಾಣಲೆ ಇಳಿಸಿ, ಒರೆಸಿ, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಕೆಂಪಗೆ ಹುರಿದಳು. ಉಪ್ಪುನೀರು ಕುದಿಯತೊಡಗಿದಾಗ ಹಿಡಿಹಿಡಿಯಾಗಿ ಉದುರಿಸಿ, ಭುಜ ಸೋಲುವ ತನಕ ತೊಳಸಿದಳು.

ಯಾರನ್ನೂ ಎಬ್ಬಿಸಬೇಕಾಗಲಿಲ್ಲ. ಘಮಕ್ಕೇ ಒಬ್ಬೊಬ್ಬರಾಗಿ ಎದ್ದು ಬಂದರು. ಗುಲ್ಬ್ರಾಂಡ್ ಗಂಜಿಯಲ್ಲಿ ಚಮಚ ನೆಟ್ಟು ನೋಡಿದ, ನೆಟ್ಟಗೆ ನಿಂತಿತು; ಮರ ಕಡಿಯುವವರ ಗಂಜಿಗೆ ಅದೇ ಹದ. ಒಂದು ತುತ್ತು, ಇನ್ನೊಂದು ತುತ್ತು. ಆಮೇಲೆ ತಲೆಯೆತ್ತದೆ ಖಾಲಿ ಬಟ್ಟಲು ಮುಂದೆ ಚಾಚಿದ.

"ಯಾಕಣ್ಣ, ಗೋಡೆಗೆ ಇನ್ನೂ ಗಾರೆ ಬೇಕಾಯ್ತಾ?" ಎಂದಳು ಹಿಲ್ಡುರ್.

ಬಿಡಾರವೇ ನಕ್ಕಿತು. ಗುಲ್ಬ್ರಾಂಡನ ಗಡ್ಡವೂ ಅಲುಗಿತು. "ಬಂಡಿ ಖಾಲಿನೇ ಹೋಗ್ಲಿ. ನೀನು ಹಾಕಮ್ಮ."

ಅಡುಗೆಯವಳ ಪಾಲೆಂದರೆ ಪಾತ್ರೆಯ ತಳಕ್ಕೆ ಹತ್ತಿಕೊಂಡ ಗಂಜಿ. ಇಂದು ಅದನ್ನೂ ಕೆರೆದುಕೊಂಡಿದ್ದರು. ಹಸಿದ ಹೊಟ್ಟೆಯಲ್ಲೇ ಹಿಲ್ಡುರ್ ಆ ಖಾಲಿ ಪಾತ್ರೆಯನ್ನು ಹಿಗ್ಗಿನಿಂದ ನೋಡುತ್ತ ನಿಂತಳು.

ಎಂಬ್ರೆತ್ ಎದ್ದು ಬಂದ. ಎರಡನೆಯ ಸಲ ಹಾಕಿಸಿಕೊಂಡ ಗಂಜಿಯನ್ನು ಅವನಿನ್ನೂ ಮುಟ್ಟಿರಲಿಲ್ಲ. ಅದರ ನಡುವೆ ಅವನ ಪಾಲಿನ ಬೆಣ್ಣೆ ಕರಗುತ್ತಿತ್ತು. ಬಟ್ಟಲನ್ನು ಅವಳ ಕೈಗಿಟ್ಟು, ಕೊಡಲಿ ಹೆಗಲಿಗೇರಿಸಿಕೊಂಡು ಹಿಮಕ್ಕೆ ಇಳಿದ.